ಟವರ್‌ನ ಹಿಂದಿನ ದಾರಿ: ಹಾಸನ, ಚಿಕ್ಕಮಗಳೂರು ಕಡೆಯ ಸೈಟ್‌ಗಳಲ್ಲಿ ಬ್ಯಾಕ್‌ಹಾಲ್ ಖರ್ಚು ಇಳಿಸುವುದು ಹೇಗೆ?

ಮೂಡಿಗೆರೆಯ ಯಾವುದೋ ಹೋಂಸ್ಟೇಯಲ್ಲಿ ಕೂತು ಒಬ್ಬರು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾರೆ ಅಂದುಕೊಳ್ಳಿ. ಫೋನಿಗೂ ಟವರ್‌ಗೂ ನಡುವಿನ ಕೆಲಸ ಎಲ್ಲರಿಗೂ ಗೊತ್ತು. ಟವರ್‌ನಿಂದ ಆಚೆಗೆ? ಅಲ್ಲಿಂದ ಪಕ್ಕದ ಗುಡ್ಡದ ಮೇಲಿನ ಇನ್ನೊಂದು ಟವರ್, ಅಲ್ಲಿಂದ ತಾಲ್ಲೂಕು ಕೇಂದ್ರ, ಆಮೇಲೆ ಹಾಸನವೋ ಚಿಕ್ಕಮಗಳೂರೋ, ಕೊನೆಗೆ ಬೆಂಗಳೂರಿನಂಥ ಕಡೆ ಇರುವ ಕೋರ್, ಅಂದರೆ ಇಡೀ ನೆಟ್‌ವರ್ಕಿನ ಕೇಂದ್ರ. ಇಷ್ಟು ದೂರ ಡೇಟಾ ಹೊತ್ತು ತರುವ ಕೆಲಸವೇ ಬ್ಯಾಕ್‌ಹಾಲ್. ಇದಕ್ಕೆ ಬಾಡಿಗೆ, ಕರೆಂಟು, ಡೀಸೆಲ್, ರಿಪೇರಿ ಅಂತ ತಿಂಗಳು ತಿಂಗಳೂ ದುಡ್ಡು ಹೋಗುತ್ತಲೇ ಇರುತ್ತದೆ.

ಕಡೂರು, ಅರಸೀಕೆರೆಯ ಬಯಲಿನಲ್ಲಿ ಇದು ಅಷ್ಟು ಕಷ್ಟವಲ್ಲ. ಸಕಲೇಶಪುರ, ಕಳಸ, ಶೃಂಗೇರಿ ಕಡೆ ಹೋದರೆ ಲೆಕ್ಕವೇ ಬೇರೆ. ಟ್ರಾನ್ಸ್‌ಮಿಷನ್ ವಿಭಾಗಕ್ಕೆ ಹೊಸದಾಗಿ ಬಂದ ಎಂಜಿನಿಯರ್‌ಗಳು, ಟವರ್‌ಗಳಿಗೆ ಫೈಬರ್ ಬಾಡಿಗೆ ಕೊಡುವ ಸ್ಥಳೀಯ ಇಂಟರ್ನೆಟ್‌ನವರು, ಇವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಖರ್ಚು ಕಡಿಮೆ ಮಾಡಿ ಅಂದ ತಕ್ಷಣ ಹೆಚ್ಚಿನವರು ಫೈಬರ್‌ಗೆ ಕೊಟೇಶನ್ ತರಿಸುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಕೆಳಗಿನ ಹೆಜ್ಜೆಗಳನ್ನು ಕಡಿಮೆ ಖರ್ಚಿನದು ಮೊದಲು, ದುಬಾರಿಯದು ಆಮೇಲೆ ಎಂಬ ಕ್ರಮದಲ್ಲಿ ಜೋಡಿಸಿದ್ದೇನೆ. ಒಂದೊಂದು ಹೆಜ್ಜೆ ಮುಗಿದ ಮೇಲೆ ನಿಂತು ನೋಡಿ. ಅಷ್ಟಕ್ಕೇ ಸಾಕಾದರೆ ಮುಂದಿನದು ಬೇಡವೇ ಬೇಡ.

ಹೆಜ್ಜೆ 1: ಬಿಲ್‌ಗಳನ್ನೆಲ್ಲ ಒಂದೇ ಹಾಳೆಗೆ ತನ್ನಿ

ಒಂದೊಂದು ಟವರ್‌ಗೂ ಒಂದು ಸಾಲು ಹಾಕಿ. ಆ ಸಾಲಿನಲ್ಲಿ ಲೀಸ್ಡ್ ಲೈನ್ (ಬೇರೆ ಕಂಪನಿಯಿಂದ ಬಾಡಿಗೆಗೆ ಪಡೆದ ಲೈನ್) ಬಾಡಿಗೆ, ಡಾರ್ಕ್ ಫೈಬರ್ (ಉಪಕರಣ ನಾವೇ ಹಾಕಿಕೊಳ್ಳುವ ಬರೀ ಫೈಬರ್) ಇದ್ದರೆ ಅದರ ಬಾಡಿಗೆ, ಗಾಳಿಯಲ್ಲೇ ಡೇಟಾ ಕಳಿಸುವ ಮೈಕ್ರೋವೇವ್ ಡಿಶ್ ಕೂರಿಸಿದ್ದಕ್ಕೆ ಟವರ್ ಕಂಪನಿಗೆ ಕೊಡುವ ಹೆಚ್ಚುವರಿ, ರೇಡಿಯೊ ಮತ್ತು ರೂಟರ್ ತಿನ್ನುವ ಕರೆಂಟು, ಡೀಸೆಲ್‌ನ ಪಾಲು, ಎಲ್ಲ ಬರಲಿ. ಕಳೆದ ವರ್ಷ ಆ ಲಿಂಕ್ ಸರಿಮಾಡಲು ಜೀಪು ಎಷ್ಟು ಸಲ ಹೋಯಿತು ಅನ್ನುವುದೂ ಬರಲಿ. ಈ ಕೊನೆಯದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಅದು ಬೇರೆ ವಿಭಾಗದ ಬಜೆಟ್ ಅಲ್ವಾ! ಆದರೆ ಜುಲೈ ಮಳೆಯಲ್ಲಿ ಕುದುರೆಮುಖದ ಕಡೆಗೆ ಟವರ್ ಹತ್ತುವ ರಿಗ್ಗರ್‌ಗಳನ್ನು ಕಳಿಸಿ, ಒಂದು ಡಿಶ್ ತಿರುಗಿಸಿ ಸರಿಮಾಡಿ ಬರುವ ಖರ್ಚು ಆ ಲಿಂಕಿನ ತಿಂಗಳ ಖರ್ಚನ್ನೇ ಮೀರಿಸಬಹುದು.

ಹಾಳೆ ತಯಾರಾದ ಮೇಲೆ ಸತ್ತ ಸರ್ಕ್ಯೂಟ್‌ಗಳನ್ನು ಹುಡುಕಿ. 2ಜಿ ಕಾಲದಲ್ಲಿ ಟವರ್‌ಗಳಿಗೆ ಇ1 ಲೈನ್ ಕೊಡುತ್ತಿದ್ದರು, ಒಂದೊಂದು 2.048 ಎಂಬಿಪಿಎಸ್. ಮುಂದೆ 4ಜಿ ಬಂತು, ಈಥರ್ನೆಟ್ ಬಂತು. ಹಳೆಯ ಇ1 ಅಲ್ಲೇ ಉಳಿದು ಬಿಲ್ ಮಾತ್ರ ಬರುತ್ತಿರುವುದು ಅಪರೂಪವೇನಲ್ಲ. ಪ್ರತಿ ಸರ್ಕ್ಯೂಟ್ ಐಡಿ ಹಿಡಿದು ಎರಡೂ ತುದಿಯ ಪೋರ್ಟ್ ನೋಡಿ. ತಿಂಗಳಿಡೀ ಟ್ರಾಫಿಕ್ ಇಲ್ಲವೇ? ಹಾಗಂತ ತಕ್ಷಣ ಸರೆಂಡರ್ ಪತ್ರ ಬರೆಯಬೇಡಿ. ಅದು ಬದಲಿ ದಾರಿಯಾಗಿ ಇಟ್ಟ ಲೈನ್ ಇರಬಹುದು, ಇಲ್ಲವೇ ಟವರ್ ಅದರಿಂದ ಕ್ಲಾಕ್, ಅಂದರೆ ತನ್ನ ವೇಳೆ ಸರಿಹೊಂದಿಸಿಕೊಳ್ಳುವ ಸಂಕೇತ, ತೆಗೆದುಕೊಳ್ಳುತ್ತಿರಬಹುದು. ಮೊದಲು ಪೋರ್ಟ್ ಬಂದ್ ಮಾಡಿ ಒಂದು ವಾರ ಗಮನಿಸಿ.

ಈ ಕ್ಲಾಕ್ ವಿಷಯದಲ್ಲಿ ಎಚ್ಚರ ಬೇಕು. ದೊಡ್ಡ ಟವರ್‌ನ ತರಂಗಾಂತರ (ಫ್ರೀಕ್ವೆನ್ಸಿ) ನೂರು ಕೋಟಿಗೆ 50 ಪಾಲಿಗಿಂತ ಹೆಚ್ಚು ಆಚೀಚೆ ಆಗಬಾರದು. 2ಜಿ ಬಿಟಿಎಸ್ (ಟವರ್‌ನ ರೇಡಿಯೊ ಉಪಕರಣ) ಇದನ್ನು ಇ1 ಲೈನಿನಿಂದಲೇ ಸರಿಹೊಂದಿಸಿಕೊಳ್ಳುತ್ತಿತ್ತು. 2ಜಿ ಟ್ರಾಫಿಕ್ಕನ್ನು ಸೂಡೋವೈರ್ (ಪ್ಯಾಕೆಟ್‌ಗಳೊಳಗೆ ಹಳೆಯ ಲೈನನ್ನು ಅನುಕರಿಸುವ ಉಪಾಯ) ಮೂಲಕ ಐಪಿ ಲಿಂಕಿನೊಳಗೇ ಸಾಗಿಸಿ ಇ1 ಬಿಡಬಹುದು, ಇದು ಒಳ್ಳೆಯ ಉಳಿತಾಯವೇ. ಆದರೆ ಕ್ಲಾಕ್‌ಗೆ ಸಿಂಕ್-ಇ, ಪಿಟಿಪಿ (ಎರಡೂ ಡೇಟಾ ಲೈನಿನಲ್ಲೇ ಕ್ಲಾಕ್ ಕಳಿಸುವ ವಿಧಾನ) ಅಥವಾ ಜಿಪಿಎಸ್ ವ್ಯವಸ್ಥೆ ಆದ ಮೇಲೆಯೇ ಬಿಡಿ. ಇಲ್ಲದಿದ್ದರೆ ಕರೆಗಳು ಒಂದು ಟವರ್‌ನಿಂದ ಇನ್ನೊಂದಕ್ಕೆ ದಾಟುವಾಗ ಕಡಿದುಹೋಗುತ್ತವೆ, ಕಾರಣ ಮಾತ್ರ ಬೇಗ ಸಿಗುವುದಿಲ್ಲ.

ಮೈಕ್ರೋವೇವ್ ತರಂಗಾಂತರದ ಶುಲ್ಕ ನಿಮ್ಮ ಹಾಳೆಯಲ್ಲಿ ಕಾಣದೇ ಇರಬಹುದು. ನಮ್ಮಲ್ಲಿ ನಡೆದುಬಂದ ಪದ್ಧತಿಯಲ್ಲಿ ಮೊಬೈಲ್ ಕಂಪನಿಗಳಿಗೆ ಟವರ್ ಹತ್ತಿರದ ಲಿಂಕ್‌ಗಳ ಕ್ಯಾರಿಯರ್‌ಗಳನ್ನು (ತರಂಗಾಂತರದ ತುಂಡುಗಳನ್ನು) 28 ಮೆಗಾಹರ್ಟ್ಸ್ ಜೋಡಿಗಳಾಗಿ ಇಡೀ ಸರ್ಕಲ್‌ಗೆ, ಅಂದರೆ ಸುಮಾರಾಗಿ ಒಂದು ರಾಜ್ಯಕ್ಕೆ, ಕೊಡುತ್ತಾರೆ. ಶುಲ್ಕ ಆದಾಯದ ಶೇಕಡಾವಾರು. ಕ್ಯಾರಿಯರ್ ಹೆಚ್ಚಾದಂತೆ ದರವೂ ಏರುತ್ತದೆ. ಅಂದರೆ ಚಿಕ್ಕಮಗಳೂರಿನ ಒಂದು ತುಂಬಿದ ಲಿಂಕ್‌ಗಾಗಿ ಇನ್ನೊಂದು ಕ್ಯಾರಿಯರ್ ಕೇಳಿದರೆ ಅದರ ಭಾರ ಕರ್ನಾಟಕ ಸರ್ಕಲ್ಲಿನ ಲೆಕ್ಕಕ್ಕೇ ಬೀಳುತ್ತದೆ. ಕೈಯಲ್ಲಿರುವ ಕ್ಯಾರಿಯರನ್ನೇ ಗುಡ್ಡದ ಮರೆ ನೋಡಿಕೊಂಡು ಮತ್ತೆ ಮತ್ತೆ ಬಳಸಿದರೆ ಹೆಚ್ಚಿನ ಶುಲ್ಕವಿಲ್ಲ. ಲಿಂಕ್‌ಗಳು ಒಂದಕ್ಕೊಂದು ಅಡ್ಡಿಯಾಗದಂತೆ ತಡೆಯಲು ಮಲೆನಾಡಿನ ಗುಡ್ಡಗಳೇ ನೆರವಾಗುತ್ತವೆ. ಇಲ್ಲಿ ಗುಡ್ಡ ಬರೀ ತೊಂದರೆ ಕೊಡುತ್ತದೆ ಅನ್ನುವ ಹಾಗಿಲ್ಲ.

ಹೆಜ್ಜೆ 2: ಅಳೆಯಿರಿ, ಆಮೇಲೆ ಎಷ್ಟು ಬೇಕು ಹೇಳಿ

ಇಡೀ ಕೆಲಸದಲ್ಲಿ ದೊಡ್ಡ ಉಳಿತಾಯ ಇಲ್ಲೇ ಇದೆ ಅನ್ನುವುದು ನನ್ನ ನಂಬಿಕೆ.

ಒಂದು ಉದಾಹರಣೆ ಲೆಕ್ಕ ನೋಡೋಣ. ಸಕಲೇಶಪುರದಿಂದ ಆಚೆಗೆ ಒಂದರ ಹಿಂದೆ ಒಂದು ಆರು ಟವರ್. ಒಂದೊಂದರಲ್ಲಿ ಮೂರು ಸೆಕ್ಟರ್ (ಒಂದೊಂದು ದಿಕ್ಕಿಗೆ ಸಿಗ್ನಲ್ ಕೊಡುವ ಭಾಗ), 20 ಮೆಗಾಹರ್ಟ್ಸ್ 4ಜಿ. ಇಂಥ ಸೆಕ್ಟರ್ ಎರಡು ಆಂಟೆನಾದಲ್ಲಿ, 64 ಕ್ವಾಮ್‌ನಲ್ಲಿ (ಒಂದು ಸಂಕೇತಕ್ಕೆ ಎಷ್ಟು ಬಿಟ್ ತುಂಬಬೇಕು ಅನ್ನುವ ಮಾಡ್ಯುಲೇಶನ್ ಮಟ್ಟ) ಗರಿಷ್ಠ 150 ಎಂಬಿಪಿಎಸ್ ಕೊಡುತ್ತದೆ. ಕಾಗದದ ಮೇಲೆ ಕೂಡಿದರೆ ಒಂದು ಟವರ್‌ಗೆ 450, ಆರಕ್ಕೆ 2,700 ಎಂಬಿಪಿಎಸ್. ಈ ಅಂಕಿ ಹಿಡಿದು ಲೈನ್ ಕೊಂಡವರು ವರ್ಷಗಟ್ಟಲೆ ಸುಮ್ನೆ ದುಡ್ಡು ಕಟ್ಟುತ್ತಾರೆ.

ಯಾಕೆ ಅಂದರೆ, 150 ಎಂಬಿಪಿಎಸ್ ಸಿಗುವುದು ಟವರ್ ಬುಡದಲ್ಲಿ ಒಬ್ಬರೇ ಇದ್ದು, ಉಳಿದವರೆಲ್ಲ ಮಲಗಿರುವಾಗ. ಸಂಜೆ ಎಲ್ಲರೂ ಫೋನ್ ಹಿಡಿದಾಗ ಕೆಲವರು ತೋಟದ ಆಚೆ ತುದಿಯಲ್ಲಿರುತ್ತಾರೆ, ಕೆಲವರು ಹೆಂಚಿನ ಮನೆಯ ಒಳಕೋಣೆಯಲ್ಲಿ. ಸಿಗ್ನಲ್ ಸರಿಯಿಲ್ಲದವರು ಹೆಚ್ಚು ಹೊತ್ತು ತೆಗೆದುಕೊಂಡು ಕಡಿಮೆ ಡೇಟಾ ಎಳೆಯುತ್ತಾರೆ. ಹಾಗಾಗಿ ಜನ ಜಾಸ್ತಿ ಆದಂತೆ ಸೆಕ್ಟರ್‌ನ ಸರಾಸರಿ ಇಳಿಯುತ್ತದೆ. 20 ಎಂಬಿಪಿಎಸ್ ಆಸುಪಾಸು ಹಿಡಿಯಿರಿ. ಮದುವೆಗೆ ಕರೆದವರೆಲ್ಲ ಒಂದೇ ಪಂಕ್ತಿಗೆ ಕೂರುವುದಿಲ್ಲ ಅಲ್ವಾ, ಇದೂ ಹಾಗೆಯೇ.

ಮೊಬೈಲ್ ಆಪರೇಟರ್‌ಗಳ ಒಕ್ಕೂಟ ಎನ್‌ಜಿಎಂಎನ್ 2011ರಲ್ಲಿ ಕೊಟ್ಟ ನಿಯಮ ಇನ್ನೂ ಕೆಲಸಕ್ಕೆ ಬರುತ್ತದೆ. ಎರಡು ಅಂಕಿ ಬರೆದುಕೊಳ್ಳಿ. ಒಂದು, ಒಂದೇ ಸೆಕ್ಟರ್‌ನ ಗರಿಷ್ಠ ವೇಗ. ಇನ್ನೊಂದು, ಆ ಲಿಂಕಿನ ಹಿಂದಿರುವ ಎಲ್ಲ ಸೆಕ್ಟರ್‌ಗಳ ಬ್ಯುಸಿ ಅವರ್ (ದಿನದ ಅತಿ ದಟ್ಟಣೆಯ ಗಂಟೆ) ಸರಾಸರಿಗಳ ಮೊತ್ತ. ಯಾವುದು ದೊಡ್ಡದೋ ಅಷ್ಟು ಸಾಕು. ಸರಪಳಿಯ ಕೊನೆಯ ಟವರ್‌ಗೆ 150 ಮತ್ತು 60ರಲ್ಲಿ ದೊಡ್ಡದು 150. ಸಕಲೇಶಪುರಕ್ಕೆ ಬಂದು ಸೇರುವ ಹಾಪ್‌ನಲ್ಲಿ (ಹಾಪ್ ಅಂದರೆ ಎರಡು ಜಾಗಗಳ ನಡುವಿನ ಒಂದು ಲಿಂಕ್) 150 ಮತ್ತು 360ರಲ್ಲಿ ದೊಡ್ಡದು 360. ಪ್ಯಾಕೆಟ್‌ಗಳ ಹೊದಿಕೆಗೆ ಶೇ 10 ಸೇರಿಸಿದರೆ ಸುಮಾರು 400. ಐಪಿಸೆಕ್ ಗೂಢಲಿಪಿ ಹಾಕಿದ್ದರೆ ಒಟ್ಟು ಶೇ 25 ಸೇರಿಸಿ, ಆಗ 450. ಮೇಲಿನ 2,700 ಎಲ್ಲಿ, ಈ 450 ಎಲ್ಲಿ!

ಇದು ಅಂದಾಜು ಮಾಡುವ ರೀತಿ. ಟವರ್ ಆಗಲೇ ನಡೆಯುತ್ತಿದ್ದರೆ ಅಂದಾಜು ಯಾಕೆ? ರೂಟರ್ ಪೋರ್ಟಿನ ಎಣಿಕೆಯನ್ನು ಐದು ನಿಮಿಷಕ್ಕೊಮ್ಮೆ, ಕನಿಷ್ಠ ಒಂದು ತಿಂಗಳು ದಾಖಲಿಸಿ. ಗಂಟೆಯ ಸರಾಸರಿ ನಂಬಬೇಡಿ, ಏರಿಳಿತವೆಲ್ಲ ಅದರಲ್ಲಿ ಮುಚ್ಚಿಹೋಗುತ್ತದೆ. ಗ್ರಾಫ್ ಬಂದ ಮೇಲೆ ಅದರ ತಲೆ ನೋಡಿ. ಮೇಲ್ಭಾಗ ಗುಡ್ಡದ ಹಾಗೆ ಚೂಪಾಗಿದ್ದರೆ ಲಿಂಕ್‌ನಲ್ಲಿ ಇನ್ನೂ ಜಾಗ ಇದೆ. ದಿನಾ ಸಂಜೆ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿ ಕತ್ತರಿಸಿದಂತೆ ಇದ್ದರೆ ಎಲ್ಲೋ ತಡೆ ಇದೆ. ಆ ಎತ್ತರ 95 ಎಂಬಿಪಿಎಸ್ ಹತ್ತಿರವೇ? ಹೊಸ ಲಿಂಕ್ ಕೊಳ್ಳುವ ಮುನ್ನ ದಾರಿಯಲ್ಲಿ ಯಾವುದಾದರೂ ಪೋರ್ಟ್ 100 ಎಂಬಿಪಿಎಸ್‌ನಲ್ಲೇ ನಿಂತಿದೆಯಾ ನೋಡಿ. ಎಷ್ಟೋ ಸಲ ಒಂದು ಕೆಟ್ಟ ಕೇಬಲ್ ಬದಲಿಸಿದರೆ ಅಪ್‌ಗ್ರೇಡ್ ಬೇಕಾಗುವುದೇ ಇಲ್ಲ.

ಎರಡು ಜಿಲ್ಲೆಗಳ ಟ್ರಾಫಿಕ್ ಸ್ವಭಾವ ಒಂದೇ ತರಹ ಇಲ್ಲ. ಹಾಸನ ಪಟ್ಟಣದ ಬಡಾವಣೆಯಲ್ಲಿ ದಿನಾ ಸಂಜೆ ಏರುತ್ತದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ದಾರಿಯ ಸೈಟ್‌ಗಳಲ್ಲಿ ಶನಿವಾರ, ಭಾನುವಾರ ಏರಿ ಸೋಮವಾರ ಇಳಿಯುತ್ತದೆ. ಇದಕ್ಕೂ ಬಿಲ್‌ಗೂ ನೇರ ಸಂಬಂಧ ಇದೆ. ಕೆಲವು ಬ್ಯಾಂಡ್‌ವಿಡ್ತ್ ಒಪ್ಪಂದಗಳಲ್ಲಿ 95ನೇ ಪರ್ಸೆಂಟೈಲ್ ಮೇಲೆ ಬಿಲ್ ಮಾಡುತ್ತಾರೆ. 30 ದಿನಕ್ಕೆ ಐದು ನಿಮಿಷದ ಅಳತೆಗಳು 8,640. ಅದರಲ್ಲಿ ಅತಿ ಹೆಚ್ಚಿನ ಶೇ 5, ಅಂದರೆ 432 ಅಳತೆ, ಅಂದರೆ 36 ಗಂಟೆ ಬಿಲ್‌ನಿಂದ ಹೊರಗೆ. ವಾರಾಂತ್ಯದ ಎಂಟು ದಿನ, ದಿನಕ್ಕೆ ನಾಲ್ಕು ಗಂಟೆ ಏರಿದರೆ 32 ಗಂಟೆ. ಆ ಏರಿಕೆ ಪೂರ್ತಿ ಬಿಲ್‌ನಿಂದ ತಪ್ಪಿಸಿಕೊಳ್ಳುತ್ತದೆ! ಅದೇ ಹಾಸನದ ಬಡಾವಣೆಯಲ್ಲಿ ದಿನಾ ಎರಡು ಗಂಟೆ ಏರಿದರೆ 60 ಗಂಟೆ, ಇಲ್ಲಿ ಲಾಭವಿಲ್ಲ. ಗಿರಿಯ ದಾರಿಯ ಸೈಟ್‌ಗಳಿಗೆ ಈ ಬಗೆಯ ಬಿಲ್ ಕೇಳಿ, ಪಟ್ಟಣದ ಸೈಟ್‌ಗಳಿಗೆ ನಿಗದಿತ ದರವೇ ಇರಲಿ.

ಹೆಜ್ಜೆ 3: ಇರುವ ಲಿಂಕ್‌ನಿಂದ ಇನ್ನಷ್ಟು ಹಿಂಡಿ

ಮೊದಲು ಎಂಟಿಯು, ಅಂದರೆ ಒಂದು ಪೋರ್ಟ್ ದಾಟಿಸುವ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಫೋನಿನಿಂದ ಬಂದ ಪ್ಯಾಕೆಟ್ಟನ್ನು ಟವರ್ ಹಾಗೇ ಕಳಿಸುವುದಿಲ್ಲ. ಅದಕ್ಕೆ ಜಿಟಿಪಿ 8 ಬೈಟ್, ಯುಡಿಪಿ 8, ಐಪಿ 20, ಒಟ್ಟು 36 ಬೈಟ್ ಹೊದಿಕೆ ಸೇರುತ್ತದೆ. 1,500 ಬೈಟ್‌ನ ಪ್ಯಾಕೆಟ್ 1,536 ಆಗುತ್ತದೆ. ದಾರಿಯಲ್ಲಿ ಒಂದು ಪೆಟ್ಟಿಗೆಯ ಮಿತಿ 1,500 ಇದ್ದರೂ ಪ್ಯಾಕೆಟ್ ಎರಡು ತುಂಡಾಗುತ್ತದೆ. ಎರಡಕ್ಕೂ ಹೊಸ ಹೊದಿಕೆ ಬೇಕು, ರೂಟರ್‌ಗೆ ಎರಡರಷ್ಟು ಕೆಲಸ. ಟವರ್‌ನಿಂದ ಕೋರ್‌ವರೆಗೆ ಪ್ರತಿ ಪೋರ್ಟ್‌ನಲ್ಲೂ 1,600ಕ್ಕಿಂತ ಹೆಚ್ಚು ಇಡಿ, ಐಪಿಸೆಕ್ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಇದಕ್ಕೆ ಖರ್ಚಾಗುವುದು ಒಂದು ರಾತ್ರಿಯ ಕೆಲಸ, ಅಷ್ಟೆ.

ಆಮೇಲೆ ಮಾಡ್ಯುಲೇಶನ್. ಹಳೆಯ ಲಿಂಕ್‌ಗಳನ್ನು ಮಳೆಗೆ ಹೆದರಿ ಕಡಿಮೆ ಮಾಡ್ಯುಲೇಶನ್‌ನಲ್ಲೇ ಕಟ್ಟಿಹಾಕಿರುತ್ತಾರೆ. ಈಗಿನ ರೇಡಿಯೊಗಳು ಮಳೆ ಬಂದಾಗ ತಾವೇ ಇಳಿದು, ಮಳೆ ನಿಂತಾಗ ತಾವೇ ಏರುತ್ತವೆ. 256 ಕ್ವಾಮ್‌ನಲ್ಲಿ ಒಂದು ಸಂಕೇತಕ್ಕೆ 8 ಬಿಟ್, 1024ರಲ್ಲಿ 10, 4096ರಲ್ಲಿ 12. ಅಂದರೆ ಅದೇ ಚಾನಲ್‌ನಲ್ಲಿ ಶೇ 50 ಹೆಚ್ಚು. ಬೇಕಾಗುವುದು ಸುಮಾರು 12 ಡಿಬಿ (ಡೆಸಿಬಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ಹೆಚ್ಚು ಸಿಗ್ನಲ್. ಎರಡೂ ತುದಿಯ 0.6 ಮೀಟರ್ ಡಿಶ್ ತೆಗೆದು 1.2 ಮೀಟರ್ ಹಾಕಿದರೆ ಒಂದೊಂದು ತುದಿಗೆ 6 ಡಿಬಿಯಂತೆ ಸರಿಯಾಗಿ ಅಷ್ಟೇ ಸಿಗುತ್ತದೆ. ಆದರೆ ದೊಡ್ಡ ಡಿಶ್‌ಗೆ ಗಾಳಿ ಹೊಡೆತ ಜಾಸ್ತಿ, ಹೊರೆ ನೋಡಿ ಬಾಡಿಗೆ ಹಾಕುವ ಒಪ್ಪಂದ ಇದ್ದರೆ ಟವರ್ ಬಾಡಿಗೆಯೂ ಏರುತ್ತದೆ. ಹೆಜ್ಜೆ 1ರ ಹಾಳೆ ತೆಗೆದು ಎರಡನ್ನೂ ತೂಗಿ ನೋಡಿ. ಅಷ್ಟೂ ಸಾಲದಿದ್ದರೆ ಎಕ್ಸ್‌ಪಿಕ್ ಇದೆ. ಅದೇ ಚಾನಲ್‌ನಲ್ಲಿ ಅಡ್ಡ, ಉದ್ದ ಎರಡೂ ಧ್ರುವೀಕರಣ ಬಳಸಿ ಸಾಮರ್ಥ್ಯ ಎರಡರಷ್ಟು ಮಾಡುವ ಉಪಾಯ ಅದು. ಇನ್ನೊಂದು ಜೊತೆ ರೇಡಿಯೊ ಬೇಕು.

ಇವೆಲ್ಲಕ್ಕಿಂತ ಮೊದಲು ಮರ ನೋಡಿ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ಹಾಕುವ ಸಿಲ್ವರ್ ಓಕ್ ಬೇಗ ಎತ್ತರ ಬೆಳೆಯುತ್ತದೆ. ಲಿಂಕ್ ಹಾಕಿದ ವರ್ಷ ಕಣ್ಣಿಗೆ ಕಂಡಿದ್ದ ಎದುರಿನ ಟವರ್ ಕೆಲವು ವರ್ಷ ಕಳೆದರೆ ಅರ್ಧ ಮುಚ್ಚಿರುತ್ತದೆ. ಎದುರಿನ ಡಿಶ್ ಕಂಡರೆ ಸಾಲದು, ನಡುವೆ ಒಂದಿಷ್ಟು ಜಾಗವೂ ಖಾಲಿ ಇರಬೇಕು. 15 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಲಿಂಕ್‌ಗೆ ನಟ್ಟನಡುವೆ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಸಿಗ್ನಲ್ ಹರಡಿಕೊಂಡು ಸಾಗುವ ಜಾಗ) ತ್ರಿಜ್ಯ ಸುಮಾರು 7 ಮೀಟರ್. ಅದರ ಶೇ 60, ಅಂದರೆ ನಾಲ್ಕು ಮೀಟರ್‌ಗಿಂತ ತುಸು ಹೆಚ್ಚು, ಮರದ ತುದಿಗೂ ನೇರ ಗೆರೆಗೂ ನಡುವೆ ಬಿಡುವು ಬೇಕು. ವರ್ಷದಿಂದ ವರ್ಷಕ್ಕೆ ಸಿಗ್ನಲ್ ನಿಧಾನವಾಗಿ ಇಳಿಯುತ್ತಿದ್ದರೆ, ಅದರಲ್ಲೂ ಎಲೆ ಒದ್ದೆಯಾದಾಗ ಇನ್ನಷ್ಟು ಇಳಿದರೆ, ರೇಡಿಯೊ ಬದಲಿಸಬೇಡಿ. ತೋಟದವರ ಹತ್ತಿರ ಹೋಗಿ ಮಾತಾಡಿ. ತೋಟಗಳಲ್ಲಿ ಮುಂಗಾರಿಗೆ ಮುಂಚೆ ನೆರಳು ಕಸಿ ಮಾಡುವ, ಅಂದರೆ ನೆರಳು ಮರದ ಕೊಂಬೆ ಸವರುವ, ರೂಢಿ ಹೇಗೂ ಇದೆ, ಆಗಲೇ ಆ ನಾಲ್ಕಾರು ಮರದ ತಲೆ ಸವರಿಸಿಕೊಳ್ಳಬಹುದು.

ಹೆಜ್ಜೆ 4: ಮಳೆಗೆ ತಕ್ಕ ತರಂಗಾಂತರ ಹಾಕಿ

ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಮಳೆ ಸುರಿಯುವಾಗ ಒಂದು ಕಿಲೋಮೀಟರ್‌ಗೆ ಎಷ್ಟು ಸಿಗ್ನಲ್ ಹೋಗುತ್ತದೆ ನೋಡಿ. 7 ಗಿಗಾಹರ್ಟ್ಸ್‌ನಲ್ಲಿ 2 ಡಿಬಿಗಿಂತ ಕಡಿಮೆ. 15ರಲ್ಲಿ ಸುಮಾರು 8. 18ರಲ್ಲಿ ಸುಮಾರು 10. ಇ-ಬ್ಯಾಂಡ್ ಅನ್ನುವ 80ರ ಆಸುಪಾಸಿನ ತರಂಗಾಂತರಗಳಲ್ಲಿ 30ರ ಹತ್ತಿರ. ಲಿಂಕ್ ಉದ್ದಕ್ಕೂ ಒಂದೇ ರಭಸದ ಮಳೆ ಇರುವುದಿಲ್ಲ, ಹಾಗಾಗಿ ಸುಮ್ಮನೆ ಕಿಲೋಮೀಟರ್‌ನಿಂದ ಗುಣಿಸಬೇಡಿ. ವ್ಯತ್ಯಾಸ ಎಷ್ಟು ಅನ್ನುವುದು ಮಾತ್ರ ಗೊತ್ತಿರಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವರ್ಷಕ್ಕೆ ಎಷ್ಟು ಮಳೆ ಅನ್ನುವುದನ್ನು ನೋಡಿ ಕೊಟ್ಟಿಗೆಹಾರಕ್ಕೆ ಕಡಿಮೆ ತರಂಗಾಂತರ, ಕಡೂರಿಗೆ ಹೆಚ್ಚಿನದು ಅಂತ ಕಣ್ಣುಮುಚ್ಚಿ ಹಂಚುತ್ತಾರೆ. ಲಿಂಕ್‌ಗೆ ಬೇಕಾಗುವುದು ವರ್ಷದ ಮೊತ್ತವಲ್ಲ, ನಿಮಿಷದ ರಭಸ. ಪುನರ್ವಸು, ಪುಷ್ಯದಲ್ಲಿ ವಾರಗಟ್ಟಲೆ ಹಿಡಿಯುವ ಜಡಿಮಳೆಗಿಂತ ಭರಣಿ, ಕೃತ್ತಿಕೆಯಲ್ಲಿ ಗುಡುಗಿನ ಜೊತೆ ಅರ್ಧ ಗಂಟೆ ಸುರಿಯುವ ಮಳೆ ಲಿಂಕ್‌ಗೆ ಹೆಚ್ಚು ಕಾಟ ಕೊಡಬಹುದು. ಆ ಗುಡುಗು ಮಳೆ ಬಯಲಿನ ಕಡೂರು, ತರೀಕೆರೆಯಲ್ಲೂ ಬರುತ್ತದೆ. ಜಡಿಮಳೆ ಲಿಂಕ್ ಬೀಳಿಸುವುದಕ್ಕಿಂತ ರಸ್ತೆ, ಕರೆಂಟು ಬೀಳಿಸುವುದೇ ಹೆಚ್ಚು. ಆದ್ದರಿಂದ ರೇಡಿಯೊದ ಹಳೆಯ ದಾಖಲೆಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ಬೇರೆ ತೆಗೆದು ನೋಡಿ.

ಇ-ಬ್ಯಾಂಡ್‌ನಲ್ಲಿ ಚಾನಲ್ ಅಗಲ, ಗಿಗಾಬಿಟ್‌ಗಟ್ಟಲೆ ಸಿಗುತ್ತದೆ. ಹಾಸನ, ಚಿಕ್ಕಮಗಳೂರು ಪಟ್ಟಣದೊಳಗೆ ಒಂದೆರಡು ಕಿಲೋಮೀಟರ್‌ಗೆ ಒಳ್ಳೆಯದು. ಅದನ್ನು ಒಂದು 15 ಅಥವಾ 18 ಗಿಗಾಹರ್ಟ್ಸ್ ಲಿಂಕ್ ಜೊತೆ ಜೋಡಿಸಿದರೆ ಇನ್ನೂ ಒಳ್ಳೆಯದು. ಮಳೆ ಜೋರಾದಾಗ ಇ-ಬ್ಯಾಂಡ್ ಬಿದ್ದರೂ ಕರೆಗಳು ಮತ್ತು ಕ್ಲಾಕ್ ಕೆಳಗಿನ ಬ್ಯಾಂಡ್‌ನಲ್ಲಿ ನಡೆಯುತ್ತವೆ, ವಿಡಿಯೊ ಸ್ವಲ್ಪ ಹೊತ್ತು ನಿಧಾನವಾಗುತ್ತದೆ. ಇದಕ್ಕೆ ಕ್ಯೂಓಎಸ್ ಆದ್ಯತೆ (ಯಾವ ಡೇಟಾ ಮೊದಲು ಹೋಗಬೇಕು ಅನ್ನುವುದು) ಸರಿಯಾಗಿ ಹಾಕಿರಬೇಕು. ಹಾಕಿದ್ದರೆ, ವರ್ಷದಲ್ಲಿ ಕೆಲವೇ ಗಂಟೆ ಬರುವ ಭಾರಿ ಮಳೆಗಾಗಿ ವರ್ಷವಿಡೀ ದುಬಾರಿ ಸಾಮರ್ಥ್ಯ ಇಟ್ಟುಕೊಳ್ಳುವ ಗೋಜಿಲ್ಲ.

ಹೆಜ್ಜೆ 5: ಸರಪಳಿಯನ್ನು ನಡುವೆ ಕತ್ತರಿಸಿ

ಹೆಜ್ಜೆ 2ರ ಆರು ಟವರ್‌ಗಳಿಗೆ ಮತ್ತೆ ಬನ್ನಿ. ಭಾರವೆಲ್ಲ ಬೀಳುವುದು ಸಕಲೇಶಪುರದ ಹತ್ತಿರದ ಹಾಪ್ ಮೇಲೆ. ಅದೊಂದು ಬಿದ್ದರೆ ಆರೂ ಟವರ್ ಸತ್ತ ಹಾಗೆ. ಸಾಮಾನ್ಯವಾಗಿ ಆ ಹಾಪನ್ನೇ ದೊಡ್ಡದು ಮಾಡುತ್ತಾ ಹೋಗುತ್ತಾರೆ. ಅದರ ಬದಲು ಸರಪಳಿಯ ನಡುವೆ ಎಲ್ಲಾದರೂ ಯಾರದ್ದಾದರೂ ಫೈಬರ್ ಹಾದುಹೋಗಿದೆಯಾ ಹುಡುಕಿ. ಮೂರನೇ ಟವರ್‌ನ ಹತ್ತಿರ ಒಂದು ಸಿಕ್ಕಿ ಅಲ್ಲೇ ಇಳಿಸಿದರೆ ಒಂದು ಉದ್ದ ಸರಪಳಿ ಎರಡು ಗಿಡ್ಡ ಸರಪಳಿ ಆಗುತ್ತದೆ. ಹಳೆಯ ರೇಡಿಯೊಗಳೇ ಇನ್ನೂ ಹಲವು ವರ್ಷ ಸಾಕಾಗುತ್ತವೆ. ಹಳೆಯ ಹಾಪನ್ನು ತೆಗೆಯದೆ ಉಳಿಸಿಕೊಂಡರೆ ಒಂದು ಕಡೆ ಕಡಿದಾಗ ಇನ್ನೊಂದು ಕಡೆಯಿಂದ ಹೋಗುವ ರಿಂಗ್ ಕೂಡ ಆಗುತ್ತದೆ. ಜೀಪು ಅಪರಾತ್ರಿಯಲ್ಲಿ ಓಡುವುದು ತಪ್ಪುತ್ತದೆ.

ಫೈಬರ್ ಎಲ್ಲೆಲ್ಲಿ ಹುಡುಕಬೇಕು? ಬಿಎಸ್‌ಎನ್‌ಎಲ್‌ನದು ಎಲ್ಲರಿಗೂ ನೆನಪಾಗುತ್ತದೆ. ರೈಲು ಹಳಿಯ ಪಕ್ಕ ರೈಲ್‌ಟೆಲ್ ಫೈಬರ್ ಹಾಕುತ್ತದೆ ಅನ್ನುವುದು ಮರೆತುಹೋಗುತ್ತದೆ. ಹಾಸನದಿಂದ ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆ ಇಳಿಯುವ ಹಳಿ ಇದೆ, ಕಡೂರು–ಚಿಕ್ಕಮಗಳೂರು ಹಳಿ 2013ರಲ್ಲಿ ಶುರುವಾಯಿತು. ಹೈಟೆನ್ಶನ್ ವಿದ್ಯುತ್ ಗೋಪುರಗಳ ತುದಿಯ ತಂತಿಯೊಳಗೂ ಫೈಬರ್ ಇರುತ್ತದೆ, ಪವರ್‌ಗ್ರಿಡ್‌ನ ಟೆಲಿಕಾಂ ವಿಭಾಗ ಅದನ್ನು ಬಾಡಿಗೆಗೆ ಕೊಡುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿ 75ರ ಬದಿ ವಿಚಾರಿಸಿ. ಇನ್ನು ಸರ್ಕಾರದ ಭಾರತ್‌ನೆಟ್ ಫೈಬರ್ ಗ್ರಾಮ ಪಂಚಾಯಿತಿ ಕಟ್ಟಡದವರೆಗೆ ಬಂದಿರುವ ಕಡೆ ಅದರ ಖಾಲಿ ಕೋರ್ (ಇಲ್ಲಿ ಕೋರ್ ಅಂದರೆ ಕೇಬಲ್‌ನೊಳಗಿನ ಒಂದು ಫೈಬರ್ ಎಳೆ) ಬಾಡಿಗೆಗೆ ಸಿಗುತ್ತದಾ ಕೇಳಿ.

ಸಿಕ್ಕಿತು ಅಂತ ಸಹಿ ಹಾಕಬೇಡಿ. ಮೊದಲು ಓಟಿಡಿಆರ್ (ಫೈಬರ್‌ನಲ್ಲಿ ಎಲ್ಲಿ ಎಷ್ಟು ಸಿಗ್ನಲ್ ಕಳೆಯುತ್ತದೆ ಅಂತ ಅಳೆಯುವ ಯಂತ್ರ) ಹಾಕಿ ನೋಡಿ. 1550 ನ್ಯಾನೊಮೀಟರ್‌ನಲ್ಲಿ ಒಳ್ಳೆಯ ಫೈಬರ್ ಕಿಲೋಮೀಟರ್‌ಗೆ 0.2ರಿಂದ 0.25 ಡಿಬಿ ಕಳೆಯುತ್ತದೆ. 20 ಕಿಲೋಮೀಟರ್‌ಗೆ 4ರಿಂದ 5 ಡಿಬಿ, ಜೊತೆಗೆ ಸ್ಪ್ಲೈಸ್‌ಗಳದ್ದು (ಫೈಬರ್ ಜೋಡಿಸಿದ ಜಾಗಗಳದ್ದು) ಸ್ವಲ್ಪ. 10 ಡಿಬಿ ತೋರಿಸಿದರೆ ಆ ಫೈಬರ್ ಹಲವು ಸಲ ಜೆಸಿಬಿ ಬಾಯಿಗೆ ಸಿಕ್ಕಿ ಅವಸರದಲ್ಲಿ ಜೋಡಿಸಿದ್ದು ಇರಬಹುದು. ಅದನ್ನು ಸರಿಮಾಡಿಸಿಕೊಂಡೇ ಒಪ್ಪಿಕೊಳ್ಳಿ. ಬಾಡಿಗೆ ಕೋರ್ ಲೆಕ್ಕದಲ್ಲಿ ಇದ್ದರೆ ಬೈಡೈ ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಒಂದು ಬಗೆಯ ಮಾಡ್ಯೂಲ್) ಹಾಕಿ. ಒಂದೇ ಕೋರ್‌ನಲ್ಲಿ ಹೋಗುವುದೂ ಬರುವುದೂ ಎರಡೂ ಆಗುತ್ತದೆ, ಬಾಡಿಗೆ ಅರ್ಧ ಉಳಿಯುತ್ತದೆ.

ಇದೇ ಜಾಗದಲ್ಲಿ ಒಂದು ಬಲೆಯೂ ಇದೆ. ಫೈಬರ್ ಬಂತಲ್ಲ, ಟವರ್‌ನ ಬೇಸ್‌ಬ್ಯಾಂಡ್ ಪೆಟ್ಟಿಗೆಯನ್ನೇ (ಸಿಗ್ನಲ್ ಸಂಸ್ಕರಿಸುವ ಭಾಗ) ತೆಗೆದು ಪಟ್ಟಣದಲ್ಲಿ ಒಟ್ಟಿಗೆ ಇಡೋಣ ಅಂತ ಯಾರಾದರೂ ಹೇಳುತ್ತಾರೆ. ಹಾಗೆ ಮಾಡಿದರೆ ಆ ದಾರಿಯಲ್ಲಿ ಹೋಗುವುದು ಸಿಪಿಆರ್‌ಐ, ಅಂದರೆ ರೇಡಿಯೊ ಸಿಗ್ನಲ್‌ನ ಕಚ್ಚಾ ಡಿಜಿಟಲ್ ರೂಪ. 20 ಮೆಗಾಹರ್ಟ್ಸ್, ಎರಡು ಆಂಟೆನಾದ ಒಂದು ಸೆಕ್ಟರ್‌ಗೆ 2.4576 ಗಿಗಾಬಿಟ್, ಅದೂ ಜನ ಇರಲಿ ಬಿಡಲಿ ಇಪ್ಪತ್ನಾಲ್ಕು ಗಂಟೆ. ಬ್ಯಾಕ್‌ಹಾಲ್‌ನಲ್ಲಿ ಅದೇ ಸೆಕ್ಟರ್ 150 ಎಂಬಿಪಿಎಸ್ ಮೀರುವುದಿಲ್ಲ. ಕೋರ್‌ಗಟ್ಟಲೆ ಸ್ವಂತ ಫೈಬರ್ ಇರುವ ಮಹಾನಗರದಲ್ಲಿ ಇದು ಸರಿ. ಬಾಡಿಗೆ ಕೋರ್ ಎಣಿಸುವ ಸಕಲೇಶಪುರದಲ್ಲಿ ಬೇಡ.

ಎಲ್ಲೂ ಫೈಬರ್ ಇಲ್ಲ, ಎದುರಿಗೆ ಟವರ್ ಕಾಣುವುದಿಲ್ಲ ಅನ್ನುವ ಕಣಿವೆಯ ಸೈಟ್‌ಗೆ ಮಾತ್ರ ಉಪಗ್ರಹ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲೇ ಇದೆ, ಹಾಗಂತ ನಮಗೆ ವಿಸ್ಯಾಟ್ (ಡಿಶ್ ಮೂಲಕ ಉಪಗ್ರಹ ಸಂಪರ್ಕ) ಅಗ್ಗವಾಗುವುದಿಲ್ಲ! ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ, ಸಿಗ್ನಲ್ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡ್ ಆಗಿರುತ್ತದೆ. ಕರೆ, ಮೆಸೇಜಿಗೆ ಸಾಕು.

ಹೆಜ್ಜೆ 6: ಹೊಸ ಫೈಬರ್ ಎಳೆಯಲೇಬೇಕಾದರೆ

ಮಲೆನಾಡಿನಲ್ಲಿ ನೆಲದಡಿ ಹಾಕುವುದು ದುಬಾರಿ. ಬಂಡೆ ಇದೆ, ಘಾಟಿಯಲ್ಲಿ ರಸ್ತೆ ಬದಿಯೇ ಇಲ್ಲ, ಮಳೆಗಾಲದಲ್ಲಿ ಅಗೆಯಲಿಕ್ಕೆ ಬಿಡುವುದಿಲ್ಲ. ಕಂಬದ ಮೇಲೆ ಎಳೆಯುವ ಎಡಿಎಸ್ಎಸ್ ಕೇಬಲ್‌ನಲ್ಲಿ ಲೋಹವಿಲ್ಲ, ವಿದ್ಯುತ್ ಕಂಬದಲ್ಲೂ ಹೋಗಬಹುದು. ಅನುಮತಿಗೆ ವಿದ್ಯುತ್ ಕಂಪನಿಗೆ ಹೋಗಬೇಕು: ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಬೇಲೂರು–ಮೂಡಿಗೆರೆ ನಡುವಿನ ದಾರಿಗೆ ಎರಡೂ ಕಡೆ ಅರ್ಜಿ ಬೇಕಾಗುತ್ತದೆ, ಮೊದಲೇ ಯೋಜನೆಗೆ ಸೇರಿಸಿ. ಮರ ಬಿದ್ದರೆ ಕಂಬದ ಕೇಬಲ್ ಕಡಿಯುತ್ತದೆ ನಿಜ. ಆದರೆ ಎಲ್ಲಿ ಕಡಿದಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಅವತ್ತೇ ಜೋಡಿಸಬಹುದು. ಕುಸಿದ ಮಣ್ಣಿನಡಿ ಹೂತ ಕೇಬಲ್‌ಗೆ ಆ ಅನುಕೂಲ ಇಲ್ಲ. ನನ್ನ ಓಟು ಮಲೆನಾಡಿನಲ್ಲಿ ಕಂಬಕ್ಕೆ, ಕಡೂರು–ಅರಸೀಕೆರೆ ಬಯಲಿನಲ್ಲಿ ನೆಲಕ್ಕೆ.

ಹಾದಿಯ ಹಕ್ಕಿಗೆ (ರೈಟ್ ಆಫ್ ವೇ, ಬೇರೆಯವರ ಜಾಗದಲ್ಲಿ ಕೇಬಲ್ ಹಾಯಿಸುವ ಅನುಮತಿ) 2023ರ ದೂರಸಂಪರ್ಕ ಕಾಯ್ದೆಯಡಿ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಹಳೆಯ 2016ರ ನಿಯಮ ತೋರಿಸಿ ಯಾರಾದರೂ ಶುಲ್ಕ ಕೇಳಿದರೆ ಇದನ್ನು ಮುಂದಿಡಿ. ಅರಣ್ಯದ ಅನುಮತಿ ಮಾತ್ರ ಬೇರೆಯದೇ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶದ ಅಂಚು ದಾಟುವ ನೇರ ದಾರಿಗಿಂತ ನಾಲ್ಕಾರು ಕಿಲೋಮೀಟರ್ ಸುತ್ತಿದರೂ ಹೊರಗಿನ ದಾರಿಯೇ ಬೇಗ ಆಗುತ್ತದೆ.

ಒಬ್ಬರೇ ಎಳೆಯಬೇಕಾಗಿಯೂ ಇಲ್ಲ. ಟ್ರಾನ್ಸ್‌ಮಿಷನ್ ಸಮೇತ ಸಕ್ರಿಯ ಉಪಕರಣಗಳನ್ನು ಕಂಪನಿಗಳು ಹಂಚಿಕೊಳ್ಳಲು 2016ರಿಂದ ಅವಕಾಶ ಇದೆ. ಒಂದೇ ಗುಡ್ಡದ ಮೇಲೆ ಇಬ್ಬರ ಆಂಟೆನಾ ಇದ್ದರೆ ಅವರ ಬಾಗಿಲು ತಟ್ಟಿ. ಊರಿಗೆ ಮನೆ ಮನೆ ಇಂಟರ್ನೆಟ್ ಕೊಡುವ ಕೇಬಲ್‌ನವರೂ ಪಾಲುದಾರರಾಗಬಹುದು. ಅವರಿಗೂ ಅದೇ ಊರಿಗೆ ಫೈಬರ್ ಬೇಕು, ನಿಮಗೂ ಬೇಕು. ಮನೆಗಳಿಗೆ ವೈಫೈ ಬಂದಷ್ಟೂ ಸಂಜೆಯ ವಿಡಿಯೊ ಟವರ್‌ನಿಂದ ಇಳಿದು ಅತ್ತ ಹೋಗುತ್ತದೆ, ಅದು ಇನ್ನೊಂದು ಲಾಭ. ಟ್ರಾಫಿಕ್ ಕಡಿಮೆ ಮಾಡಲು ವಿಡಿಯೊ ಕ್ಯಾಶ್ ಪೆಟ್ಟಿಗೆಯನ್ನು (ಹೆಚ್ಚು ಜನ ನೋಡುವ ವಿಡಿಯೊಗಳ ನಕಲು ಇಡುವ ಸರ್ವರ್) ಹಾಸನದಲ್ಲೇ ಇಡೋಣ ಅನ್ನುವವರೂ ಇದ್ದಾರೆ. ಟವರ್‌ನ ಡೇಟಾ ಜಿಟಿಪಿ ಹೊದಿಕೆಯೊಳಗೆ ಬೆಂಗಳೂರಿಗೆ ಹೋಗಿಯೇ ಬಿಚ್ಚಿಕೊಳ್ಳುವುದಾದರೆ ನಡುದಾರಿಯ ಕ್ಯಾಶ್‌ಗೆ ಕೆಲಸವಿಲ್ಲ. ಕೋರ್‌ನ ಯೂಸರ್ ಪ್ಲೇನ್ ಭಾಗ (ಗ್ರಾಹಕರ ಡೇಟಾದ ಹೊದಿಕೆ ಬಿಚ್ಚುವ ಭಾಗ) ಹಾಸನಕ್ಕೆ ಬಂದರೆ ಮಾತ್ರ ಅದು ನಡೆಯುತ್ತದೆ. ಬಂದರೂ ಉಳಿಯುವುದು ಹಾಸನ–ಬೆಂಗಳೂರು ನಡುವಿನ ಖರ್ಚು, ಗುಡ್ಡದ ಹಾಪ್‌ನದ್ದಲ್ಲ.

ಹೆಜ್ಜೆ 7: ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾದ್ದು

ಜಾತ್ರೆ, ಹಬ್ಬಕ್ಕೆ ಬೇರೆ ಸಾಲು ಇರಲಿ. ಹಾಸನಾಂಬೆ ದೇವಸ್ಥಾನ ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವೇ ದಿನ ತೆರೆಯುತ್ತದೆ. ಡಿಸೆಂಬರ್‌ನ ದತ್ತ ಜಯಂತಿಗೆ ಗಿರಿಯ ದಾರಿ ತುಂಬುತ್ತದೆ. ಈ ಕೆಲವು ದಿನಗಳ ಏರಿಕೆ ನೋಡಿ ವರ್ಷದ ಲೈನ್ ಕೊಳ್ಳಬೇಡಿ. ತಾತ್ಕಾಲಿಕವಾಗಿ ವೇಗ ಏರಿಸಿ ದಿನದ ಲೆಕ್ಕದಲ್ಲಿ ಬಿಲ್ ಮಾಡುವ ಷರತ್ತು ಒಪ್ಪಂದದಲ್ಲೇ ಇರಲಿ. ರೇಡಿಯೊ ಕಂಪನಿಯವರ ಹತ್ತಿರವೂ ಸಾಮರ್ಥ್ಯದ ಲೈಸೆನ್ಸ್ ಅಲ್ಪಾವಧಿಗೆ ಸಿಗುತ್ತದಾ ಕೇಳಿ.

ಲೈನ್ ಬಿದ್ದ ಹೊತ್ತಿಗೆ ಬಾಡಿಗೆ ಕಡಿತದ ಷರತ್ತು ಬಹುತೇಕ ಎಲ್ಲ ಒಪ್ಪಂದದಲ್ಲೂ ಇರುತ್ತದೆ, ಕೇಳುವವರು ಮಾತ್ರ ಕಡಿಮೆ. ನಿಮ್ಮ ರೂಟರ್‌ನಲ್ಲಿ ಲಿಂಕ್ ಬಿದ್ದ, ಎದ್ದ ಸಮಯ ತಾನಾಗಿ ದಾಖಲಾಗಲಿ. ದೂರು ಕೊಟ್ಟ ಟಿಕೆಟ್ ಸಂಖ್ಯೆ ಅದರ ಎದುರಿಗೆ ಬರೆಯಿರಿ, ಬಿಲ್ ಬಂದ ವಾರದಲ್ಲೇ ಕಡಿತ ಕೇಳಿ. ವರ್ಷದ ಕೊನೆಗೆ ಒಟ್ಟಿಗೆ ಕೇಳಿದರೆ ಜಗಳವೇ ಆಗುತ್ತದೆ.

ಅವಧಿಯ ವಿಷಯ. ಉದ್ದ ಒಪ್ಪಂದಕ್ಕೆ ದರ ಕಡಿಮೆ ಸಿಗುತ್ತದೆ, ಆದರೆ ಒಂದು ಎಂಬಿಪಿಎಸ್‌ನ ದರ ಇಳಿಯುತ್ತಾ ಹೋಗುವಾಗ ಹಳೆಯ ದರಕ್ಕೆ ಸಿಕ್ಕಿಬೀಳುತ್ತೀರಿ. ಮೂರು ವರ್ಷಕ್ಕೆ ಸಹಿ ಹಾಕಿದರೂ ವರ್ಷಕ್ಕೊಮ್ಮೆ ಮಾರುಕಟ್ಟೆ ದರಕ್ಕೆ ಹೋಲಿಸಿ ಪರಿಷ್ಕರಿಸುವ ಷರತ್ತು ಸೇರಿಸಿ. ಡಾರ್ಕ್ ಫೈಬರ್ ಮಾತ್ರ ಇದಕ್ಕೆ ಹೊರತು. ಅದರಲ್ಲಿ ವೇಗ ನಿಮ್ಮ ಉಪಕರಣದ್ದು, ಬಾಡಿಗೆ ದಾರಿಯದ್ದು. ಹಾಗಾಗಿ ಅದನ್ನು ಉದ್ದಕ್ಕೇ ಮಾಡಿಕೊಳ್ಳಿ.

ಇನ್ನೊಂದು, ಸರೆಂಡರ್ ಷರತ್ತನ್ನು ಸಹಿಗೆ ಮುಂಚೆಯೇ ಓದಿ. ನಾವು ಪತ್ರ ಕೊಟ್ಟ ದಿನದಿಂದ ಇಂತಿಷ್ಟು ದಿನಕ್ಕೆ ಬಿಲ್ ನಿಲ್ಲಬೇಕು ಅಂತ ಇರಬೇಕು. ಅವರು ಬಂದು ಮೋಡೆಮ್ ಕಳಚಿಕೊಂಡು ಹೋದ ದಿನದಿಂದ ಅಂತ ಇದ್ದರೆ ತಿದ್ದಿಸಿ. ಕಳಸದ ಗುಡ್ಡಕ್ಕೆ ಮಳೆಗಾಲದಲ್ಲಿ ಮೋಡೆಮ್ ಕಳಚಲಿಕ್ಕೆ ಯಾರೂ ಬರುವುದಿಲ್ಲ.